ಕೋಡಿಯಿಂದಾಚೆಯ ನೀರು

ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಮಾತನ್ನು ನಾವೆಲ್ಲರೂ ಶಾಲೆಯ ಮೊದಲ ತರಗತಿಗಳಲ್ಲಿಯೇ ಕೇಳಿದ್ದೇವೆ. ಕಟ್ಟಿಗೆಯ ಹೊರೆಯನ್ನು ಮುರಿಯಲಾರದೆ ಸೋತ ಮಕ್ಕಳ ಕಥೆಯನ್ನೂ ಓದಿದ್ದೇವೆ. ಆ ಕಥೆ ಸುಳ್ಳಲ್ಲ; ಆದರೆ ಅದು ಅರ್ಧ ಕಥೆ. ಒಂದು ಹೊರೆ ಗಟ್ಟಿಯಾಗಿ ಕಟ್ಟಿಕೊಂಡಿತು, ಸರಿ. ಅದರ ಪಕ್ಕದಲ್ಲಿ ಅಷ್ಟೇ ಗಟ್ಟಿಯಾಗಿ ಕಟ್ಟಿಕೊಂಡ ಇನ್ನೊಂದು ಹೊರೆ ಇದ್ದರೆ ಏನಾಗುತ್ತದೆ? ಎರಡೂ ಒಂದನ್ನೊಂದು ಉಜ್ಜಿಕೊಂಡು ಬೆಂಕಿ ಹುಟ್ಟುವ ಸಂಭವವೂ ಉಂಟು. ಕಥೆ ಹೇಳಿದ ಮುದುಕ ಅಷ್ಟು ದೂರ ಹೋಗಲಿಲ್ಲ.

ಯಾವ ಊರಿಗಾದರೂ ಹೋಗಿ ನೋಡಿ. ಭಜನಾ ಮಂಡಳಿಯಿದೆ, ಯುವಕ ಸಂಘವಿದೆ, ಹಾಲು ಉತ್ಪಾದಕರ ಸಂಘವಿದೆ, ಮಹಿಳೆಯರ ಸ್ವಸಹಾಯ ಗುಂಪುಗಳಿವೆ. ಒಂದೊಂದೂ ತನ್ನ ಮಟ್ಟಿಗೆ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಆದರೂ ಎಲ್ಲರಿಗೂ ಸೇರಿದ ತೊಂದರೆಯೊಂದು, ಅದು ನೀರಿನದಾಗಲಿ ದಾರಿಯದಾಗಲಿ, ಹಾಗೆಯೇ ಉಳಿದಿರುತ್ತದೆ. ಕಾರಣವೇನೆಂದು ಹುಡುಕಹೊರಟರೆ ತೊಂದರೆ ಇರುವುದು ಯಾವ ಸಂಘದ ಒಳಗೂ ಅಲ್ಲ, ಒಂದು ಸಂಘಕ್ಕೂ ಇನ್ನೊಂದು ಸಂಘಕ್ಕೂ ನಡುವಣ ಜಾಗದಲ್ಲಿ ಎಂದು ಗೊತ್ತಾಗುತ್ತದೆ. ಆ ನಡುವಣ ಜಾಗ ಯಾರದು? ಅದನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಯನ್ನು ನಮಗೆ ಬಹಳ ಪರಿಚಿತವಾದ ಒಂದು ವಸ್ತುವಿನ ಮೂಲಕ ವಿಚಾರ ಮಾಡಬಹುದು. ಆ ವಸ್ತು ನಮ್ಮ ಬಯಲುಸೀಮೆಯ ಕೆರೆ.

ಕೆರೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಒಂದು ಏರಿ, ಒಂದು ತೂಬು, ತೂಬಿನ ಕೆಳಗಿನ ಹಸಿರು ಅಚ್ಚುಕಟ್ಟು. ಆದರೆ ನಮ್ಮ ಹಿಂದಿನವರು ಕೆರೆಯನ್ನು ಒಂಟಿಯಾಗಿ ಕಟ್ಟಿದ್ದು ಕಡಮೆ. ಮೇಲಿನ ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದು, ಕಾಲುವೆ ಹಿಡಿದು, ಕೆಳಗಿನ ಕೆರೆಗೆ ಬರಬೇಕು. ಅದು ತುಂಬಿದರೆ ಅದರ ಕೋಡಿಯಿಂದ ಮುಂದಿನದಕ್ಕೆ. ಹೀಗೆ ಕೆರೆಗಳ ಸರಪಣಿಯೇ ಬೆಳೆದಿತ್ತು. 1866ರಲ್ಲಿ ಮೈಸೂರು ಸೀಮೆಯ ಮುಖ್ಯ ಎಂಜಿನಿಯರಾಗಿದ್ದ ಮೇಜರ್ ಸ್ಯಾಂಕಿ ಈ ವ್ಯವಸ್ಥೆಯನ್ನು ಕಂಡು ಬೆರಗಾದರು. ಸಂಸ್ಥಾನದ ನೂರಕ್ಕೆ ಸುಮಾರು 60 ಪಾಲು ನೆಲ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ, ಇನ್ನೊಂದು ಹೊಸ ಕೆರೆಗೆ ಯೋಗ್ಯವಾದ ಜಾಗ ಹುಡುಕುವುದೇ ಜಾಣತನದ ಕೆಲಸ ಎಂಬ ಅರ್ಥದ ಮಾತನ್ನು ಅವರು ಬರೆದಿಟ್ಟಿದ್ದಾರೆ.

ಒಂದೇ ಕೆರೆಯ ಒಳಗಿನ ಬಾಳುವೆಗೆ ನಮ್ಮಲ್ಲಿ ಕಟ್ಟುಪಾಡುಗಳಿಗೇನೂ ಕೊರತೆಯಿರಲಿಲ್ಲ. ತೂಬು ತೆಗೆಯಲು, ಗದ್ದೆಗೆ ನೀರು ಬಿಡಲು ನೀರುಗಂಟಿ ಇದ್ದ. ಎಷ್ಟೇ ದೊಡ್ಡ ಹಿಡುವಳಿದಾರನಾಗಲಿ ತಾನೇ ಹೋಗಿ ಮಡೆ ತಿರುಗಿಸುವಂತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಕೋಲಾರದ ಕಡೆ ದಾಮಾಶಾ ಎಂಬ ಪದ್ಧತಿಯಿತ್ತು. ಕೆರೆಯಲ್ಲಿರುವ ನೀರು ಎಷ್ಟು ನೆಲಕ್ಕೆ ಸಾಕಾಗುವುದೆಂದು ಲೆಕ್ಕ ಹಾಕಿ, ತೂಬಿಗೆ ಹತ್ತಿರವಾದ ಅಷ್ಟು ನೆಲವನ್ನು ಮಾತ್ರ ಸಾಗುವಳಿಗೆ ಆರಿಸಿ, ಅದರಲ್ಲಿ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕ ಪಾಲು ಕೊಡುತ್ತಿದ್ದರು. ಕೊನೆಯ ಗದ್ದೆಯವನ ಗದ್ದೆ ಒಣಗಿದರೂ ಅವನ ಮನೆ ಒಣಗುತ್ತಿರಲಿಲ್ಲ. ಇದು ಸಾಮಾನ್ಯವಾದ ನ್ಯಾಯಬುದ್ಧಿಯಲ್ಲ.

ಹಾಗೆಂದು ಹಳೆಯದೆಲ್ಲವೂ ಹೊನ್ನೇ ಎಂದು ಹೇಳಹೊರಟರೆ ಅದು ಪ್ರಾಮಾಣಿಕವಾಗುವುದಿಲ್ಲ. ಊರಿಗೆಲ್ಲ ನೀರು ಹಂಚುತ್ತಿದ್ದ ನೀರುಗಂಟಿ ಬಹುಮಟ್ಟಿಗೆ ಊರು ಹೊರಗಿಟ್ಟ ಕೇರಿಯವನು. ಗದ್ದೆಗೆ ನೀರು ಬಿಡುವ ಕೈ ಅವನದು. ಊರ ಬಾವಿಯಿಂದ ನೀರು ಸೇದುವ ಹಕ್ಕು ಅವನಿಗಿರಲಿಲ್ಲ. ಅವನಿಗೆ ಅಚ್ಚುಕಟ್ಟಿನಲ್ಲಿ ಹೇಳಿಕೊಳ್ಳುವಂಥ ಸ್ವಾರ್ಥವಿರದಿದ್ದುದರಿಂದಲೇ ಅವನ ಹಂಚಿಕೆಯನ್ನು ಎಲ್ಲರೂ ನಂಬುತ್ತಿದ್ದರು ಎಂದು ಈಗ ವಿದ್ವಾಂಸರು ವಿವರಿಸುತ್ತಾರೆ. ನಿಜವಿರಬಹುದು. ಆದರೆ ಒಬ್ಬನ ಬಡತನವನ್ನೇ ತಕ್ಕಡಿಯ ಮುಳ್ಳು ಮಾಡಿಕೊಂಡ ನ್ಯಾಯ ಅದು ಎಂಬುದನ್ನೂ ಮರೆಯಬಾರದು.

ಇರಲಿ. ನಾನು ಹೇಳಬೇಕಾದುದು ಒಂದು ಕೆರೆಯ ಒಳಗಿನ ಮಾತನ್ನಲ್ಲ, ಕೋಡಿಯಿಂದಾಚೆಯ ಮಾತನ್ನು.

ನಾನು ಬಾಲ್ಯ ಕಳೆದ ಸೀಮೆಯಲ್ಲಿ ಒಂದರ ಕೆಳಗೊಂದು ಎರಡು ಊರುಗಳು, ಎರಡು ಕೆರೆಗಳು. ಮೇಲಿನ ಊರಿನವರು ಮಳೆಗಾಲ ಮುಗಿಯುವ ಹೊತ್ತಿಗೆ ರಾತ್ರಿ ಹೋಗಿ ಕೋಡಿಯ ಕಲ್ಲುಗಳ ಮೇಲೆ ಮರಳಿನ ಚೀಲ ಜೋಡಿಸುತ್ತಿದ್ದರು. ಕೋಡಿ ಒಂದು ಮೊಳ ಎತ್ತರವಾದರೆ ಕೆರೆಯಲ್ಲಿ ಒಂದು ಮೊಳ ನೀರು ಹೆಚ್ಚು ನಿಲ್ಲುತ್ತದೆಯಲ್ಲ! ಕೆಳಗಿನ ಊರಿನವರು ಮರುರಾತ್ರಿ ಬಂದು ಚೀಲ ಕಿತ್ತೆಸೆಯುತ್ತಿದ್ದರು. ಹಗಲು ಸಂತೆಯಲ್ಲಿ ಎದುರಾದಾಗ ಇಬ್ಬರೂ ಏನೂ ತಿಳಿಯದವರಂತೆ ವೀಳ್ಯ ಬದಲಾಯಿಸುತ್ತಿದ್ದರು. ಕಾಲಕ್ರಮದಲ್ಲಿ ವೀಳ್ಯವೂ ನಿಂತಿತು. ಒಂದು ಸಲ ದೊಣ್ಣೆಗಳು ಎದ್ದು ನಾಲ್ಕಾರು ತಲೆ ಒಡೆದು ದಾವೆ ಕೋರ್ಟಿನ ಮೆಟ್ಟಿಲು ಹತ್ತಿತು. ಹಿರಿಯರು, ಅಧಿಕಾರಿಗಳು, ಕೊನೆಗೆ ಸ್ವಾಮಿಗಳೊಬ್ಬರೂ ಬಂದು ಕೂಡಿ ಬಾಳುವ ಮಹತ್ವವನ್ನು ಉಪದೇಶಿಸಿ ಹೋದರು. ಉಪದೇಶ ಕೇಳುವಾಗ ಎರಡೂ ಊರಿನವರು ಭಕ್ತಿಯಿಂದ ತಲೆದೂಗಿದರು. ಆ ರಾತ್ರಿಯೂ ಚೀಲಗಳು ಏರಿದವು.

ಒಂದು ವರ್ಷ ಹಿಂಗಾರು ವಿಪರೀತವಾಯಿತು. ಮೂರು ದಿನ ಬಿಡದೆ ಸುರಿಯಿತು. ಚೀಲ ಕಟ್ಟಿದ ಕೋಡಿಯಲ್ಲಿ ನೀರು ಸಲೀಸಾಗಿ ಹರಿಯಲಾರದೆ ಏರಿಯ ಮೇಲೆ ಭಾರ ಬಿದ್ದು, ಮೂರನೆಯ ರಾತ್ರಿ ಏರಿಯ ಬುಡದಲ್ಲಿ ಮಣ್ಣು ಬಣ್ಣದ ನೀರು ಒಸರತೊಡಗಿತು. ಕೆರೆ ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ತಿಳಿನೀರು ಒಸರಿದರೆ ಹೆದರಿಕೆಯಿಲ್ಲ. ಕೆಂಪು ನೀರು ಒಸರಿದರೆ ಏರಿ ಒಳಗಿನಿಂದ ಕರಗುತ್ತಿದೆ. ಮೇಲಿನ ಊರಿನವರು ಚೀಲಗಳನ್ನು ತಾವೇ ಕಿತ್ತರು. ಅಷ್ಟರಲ್ಲಿ ಕತ್ತಲಲ್ಲಿ ದೀಪಗಳು ಕಾಣಿಸಿಕೊಂಡವು. ಕೆಳಗಿನ ಊರಿನ ಗಂಡಸರು ಹೆಂಗಸರು ಮಂಕರಿ, ಗುದ್ದಲಿ, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದರು. ಅವರು ಬಂದುದು ಪ್ರೀತಿಯಿಂದಲ್ಲ. ಮೇಲಿನ ಕೆರೆ ಒಡೆದರೆ ಆ ನೀರಿನ ಹೊಡೆತಕ್ಕೆ ತಮ್ಮ ಕೆರೆ ಒಂದು ಗಳಿಗೆಯೂ ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಬೆಳಗಾಗುವ ವೇಳೆಗೆ ಏರಿ ಉಳಿಯಿತು.

ಆ ವಾರವೇ ಎರಡೂ ಊರಿನ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರೊಬ್ಬರು ಎರಡೂ ಕಡೆಯ ಮುಖಂಡರನ್ನು ಕಂಡರು. ರಾಜಿಯ ಮಾತನ್ನು ಅವರು ಎತ್ತಲಿಲ್ಲ. “ಕೋಡಿಯಿಂದ ಕೆಳಗಿನ ಕೆರೆಯವರೆಗೆ ಕಾಲುವೆ ಹಿಡಿದು ಒಂದು ಸಲ ನಡೆದು ಬರೋಣ, ಎರಡೂ ಕಡೆಯಿಂದ ಐದೈದು ಜನ” ಎಂದರು, ಅಷ್ಟೆ. ನಡೆದರು. ದೂರ ಒಂದೂವರೆ ಮೈಲಿ ಇದ್ದಿರಬಹುದು. ನಡೆದಾಗ ಕಂಡದ್ದು ಇದು: ಕಾಲುವೆ ಮೂರು ಕಡೆ ಹೂತುಹೋಗಿತ್ತು. ಒಂದು ಕಡೆ ಮೇಲಿನ ಊರಿನವನೊಬ್ಬ ರಾಗಿ ಬಿತ್ತಿದ್ದ. ಇನ್ನೊಂದು ಕಡೆ ಕೆಳಗಿನ ಊರಿನವನೇ ಕಣ ಮಾಡಿಕೊಂಡಿದ್ದ. ಮೂರನೆಯ ಕಡೆ ಜಾಲಿ ಬೆಳೆದು ಹೂಳು ತುಂಬಿತ್ತು. ಕೋಡಿ ಬಿದ್ದ ನೀರಿನಲ್ಲಿ ಹೆಚ್ಚಿನ ಪಾಲು ಬಯಲಿಗೆ ಹರಡಿ, ಯಾವ ಊರಿಗೂ ಸೇರದೆ ಹಳ್ಳಕ್ಕೆ ಇಳಿದು ಹೋಗುತ್ತಿತ್ತು. ಒಂದು ಮೊಳ ಕಲ್ಲಿಗಾಗಿ ತಲೆ ಒಡೆದುಕೊಂಡ ಎರಡು ಊರುಗಳೂ ಅದಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಪ್ರತಿವರ್ಷವೂ ಒಟ್ಟಾಗಿ ಕಳೆದುಕೊಳ್ಳುತ್ತಿದ್ದವು. ಅಂದು ಯಾರೂ ಹೆಚ್ಚು ಮಾತನಾಡಲಿಲ್ಲವಂತೆ. ಆ ಬೇಸಗೆಯಲ್ಲಿ ಎರಡು ಊರಿನ ಆಳುಗಳೂ ಸೇರಿ ಕಾಲುವೆ ತೋಡಿದರು. ಕೋಡಿಯ ಎತ್ತರಕ್ಕೆ ಒಂದು ಗುರುತಿನ ಕಲ್ಲು ನೆಟ್ಟರು.

ಈ ಘಟನೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಮೇಷ್ಟ್ರು ಮಾಡಿದ್ದು ಎರಡೇ ಕೆಲಸ. ಮೊದಲನೆಯದಾಗಿ, ಎರಡೂ ಕಡೆಯವರು ಒಂದೇ ವಸ್ತುವನ್ನು ಒಂದೇ ಸಮಯದಲ್ಲಿ ಕಣ್ಣಾರೆ ಕಾಣುವಂತೆ ಮಾಡಿದರು. ಅಲ್ಲಿಯವರೆಗೆ ಒಂದು ಊರಿನ ಲೆಕ್ಕವನ್ನು ಇನ್ನೊಂದು ಊರು ನಂಬುತ್ತಿರಲಿಲ್ಲ. ಎರಡನೆಯದಾಗಿ, ಯಾರೂ ತಮ್ಮದೆಂದು ಎಣಿಸದಿದ್ದ ಆ ಒಂದೂವರೆ ಮೈಲಿಯನ್ನು ಇಬ್ಬರಿಗೂ ಸೇರಿದ್ದೆಂದು ತೋರಿಸಿಕೊಟ್ಟರು. ಅವರು ಯಾರ ಊರಭಿಮಾನವನ್ನೂ ಬಿಡಿಸಲಿಲ್ಲ. ಮೇಲಿನವರು ಮೇಲಿನವರಾಗಿಯೇ ಉಳಿದರು, ಕೆಳಗಿನವರು ಕೆಳಗಿನವರಾಗಿಯೇ ಉಳಿದರು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ನೀರಿನ ವಿಷಯದಲ್ಲಿ ಮೇಲಿದ್ದವನಿಗೆ ಕೆಳಗಿನವನಿಂದ ಆಗಬೇಕಾದುದೇನು? ನಮ್ಮ ಕಥೆಯಲ್ಲಿ ಏರಿ ಒಡೆಯುವ ಭಯ ಉತ್ತರ ಕೊಟ್ಟಿತು. ಆದರೆ ಪ್ರತಿವರ್ಷವೂ ಏರಿ ಒಸರುವುದಿಲ್ಲ. ಭಯವಿಲ್ಲದ ದಿನಗಳಲ್ಲಿ ಮೇಲಿನವನು ಕೆಳಗಿನವನ ಮಾತಿಗೆ ಏಕೆ ಬೆಲೆ ಕೊಡಬೇಕು? ಈ ಪ್ರಶ್ನೆಗೆ ಸೊಗಸಾದ ಉತ್ತರ ದೊರೆಯುವುದು ಸಮುದ್ರದಾಚೆಯ ಬಾಲಿ ದ್ವೀಪದಲ್ಲಿ.

ಬಾಲಿಯ ಬೆಟ್ಟದ ಇಳಿಜಾರುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬತ್ತದ ಗದ್ದೆಗಳಿವೆ. ಒಂದು ಕಾಲುವೆಯಿಂದ ನೀರು ಪಡೆಯುವ ರೈತರ ಕೂಟಕ್ಕೆ ಅಲ್ಲಿ ಸುಬಕ್ ಎಂದು ಹೆಸರು. ಹಲವು ಸುಬಕ್‌ಗಳು ಸೇರುವುದು ನೀರಿನ ದೇವಾಲಯಗಳಲ್ಲಿ. ಅವುಗಳಿಗೆಲ್ಲ ಹಿರಿಯದು ಬಾತೂರ್ ಸರೋವರದ ದೇವಿಯ ಗುಡಿ. ಯಾವ ಸುಬಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಬೀಳುಬಿಡಬೇಕು ಎಂಬುದು ಗುಡಿಯಲ್ಲಿ ಪೂಜೆಯೊಂದಿಗೆ ನಿಶ್ಚಯವಾಗುತ್ತಿತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳು ಇದನ್ನು ಬರಿಯ ಧರ್ಮಾಚರಣೆಯೆಂದು ಬಗೆದರು. ಹೊಸ ತಳಿ ಹಾಕಿ, ಸಾಧ್ಯವಾದಷ್ಟು ಬೆಳೆ ತೆಗೆಯಿರಿ, ಯಾರಿಗೂ ಕಾಯಬೇಡಿ ಎಂದರು. ಇಳುವರಿ ಮೊದಲು ಏರಿತು. ಅನಂತರ ನೀರಿನ ಸರದಿ ಕೆಟ್ಟಿತು. ಕಂದು ಜಿಗಿಹುಳು ಎದ್ದು ಗದ್ದೆಗಳನ್ನು ಸುಟ್ಟಂತೆ ಮಾಡಿತು. ಔಷಧಿ ಸಿಂಪಡಿಸಿದಷ್ಟೂ ಹುಳು ಬಲಿಯಿತು.

ಸ್ಟೀಫನ್ ಲ್ಯಾನ್ಸಿಂಗ್ ಎಂಬ ಮಾನವಶಾಸ್ತ್ರಜ್ಞರು ಜೇಮ್ಸ್ ಕ್ರೆಮರ್ ಎಂಬ ಪರಿಸರ ವಿಜ್ಞಾನಿಯ ಜೊತೆಗೂಡಿ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಆಗ ಗುಡಿಯ ಗುಟ್ಟು ತಿಳಿಯಿತು. ಅಕ್ಕಪಕ್ಕದ ಸುಬಕ್‌ಗಳೆಲ್ಲ ಒಟ್ಟಿಗೆ ಕೊಯ್ದು ಒಟ್ಟಿಗೆ ಬೀಳುಬಿಟ್ಟರೆ ಹುಳುವಿಗೆ ತಿನ್ನಲು ಏನೂ ಸಿಕ್ಕದೆ ಅದು ನಾಶವಾಗುತ್ತದೆ. ಆದರೆ ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ಎಲ್ಲರಿಗೂ ಒಂದೇ ಸಲ ನೀರು ಬೇಕು; ಸಾಲದು. ಮೇಲಿನವನಿಗೆ ನೀರಿನ ಭಯವಿಲ್ಲ, ಹುಳುವಿನ ಭಯವಿದೆ. ಕೆಳಗಿನವನಿಗೆ ಹುಳುವಿಗಿಂತ ನೀರಿನ ಭಯ ಹೆಚ್ಚು. ಮೇಲಿನವನು ನೀರು ಕೊಡದಿದ್ದರೆ ಕೆಳಗಿನವನು ತನಗೆ ತೋಚಿದಾಗ ನಾಟಿ ಮಾಡುತ್ತಾನೆ. ಅವನ ಗದ್ದೆಯಲ್ಲಿ ಬೆಳೆದ ಹುಳು ಮೇಲಿನ ಗದ್ದೆಗೆ ಹತ್ತುತ್ತದೆ. ನೀರು ಇಳಿಜಾರು ಹಿಡಿದು ಇಳಿಯುತ್ತದೆ. ಹುಳುವಿಗೆ ಇಳಿಜಾರಿನ ಲೆಕ್ಕವಿಲ್ಲ. ಆದುದರಿಂದ ಮೇಲಿನವನು ನೀರು ಬಿಡುವುದು ದಾನವಲ್ಲ, ಕೊಳ್ಳುಕೊಡೆ. ರೈತರು ಹಳೆಯ ಸರದಿಗೆ ಮರಳಿದರು. 2012ರಲ್ಲಿ ಯುನೆಸ್ಕೋ ಸಂಸ್ಥೆ ಈ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಗುಂಪುಗಳನ್ನು ಕೂಡಿಸಹೊರಟವನು ಎಲ್ಲರಿಗೂ ಒಂದೇ ಬಗೆಯ ಕಷ್ಟವಿದೆ ಎಂದು ಸಾಧಿಸಬೇಕಾಗಿಲ್ಲ. ಕಷ್ಟಗಳು ಬೇರೆ ಬೇರೆಯಾಗಿಯೇ ಇರಲಿ. ಒಬ್ಬನ ಕಷ್ಟದ ಬೀಗಕ್ಕೆ ಇನ್ನೊಬ್ಬನ ಕೈಯಲ್ಲಿ ಬೀಗದ ಕೈ ಇದೆಯೇ ಎಂದು ಹುಡುಕುವುದು ಅವನ ಕೆಲಸ.

ಈಗ ನಮ್ಮ ಕೆರೆಗಳಿಗೆ ಮರಳೋಣ. ನಮ್ಮಲ್ಲಿ ಈ ಕೊಳ್ಳುಕೊಡೆ ಏಕೆ ಮುರಿಯಿತು? ಕಾರಣ ಒಂದಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯಿದೆ ನ್ಯಾಯವಾದುದೇ. ಹುಟ್ಟಿನಿಂದ ಒಬ್ಬನನ್ನು ಒಂದು ಕೆಲಸಕ್ಕೆ ಕಟ್ಟಿಹಾಕುವುದು ಸಲ್ಲದು. ಆದರೆ ನೀರುಗಂಟಿಯ ಹಳೆಯ ಪದವಿ ಹೋದಾಗ ಅವನ ಕೆಲಸವನ್ನು ಮರ್ಯಾದೆಯಿಂದ, ತಕ್ಕ ಸಂಬಳದಿಂದ ಮಾಡುವ ಹೊಸ ವ್ಯವಸ್ಥೆ ಊರೂರಿಗೂ ಬರಲಿಲ್ಲ. ಕೆರೆ ಸರಕಾರದ್ದೆಂಬ ಭಾವನೆ ಬೆಳೆಯಿತು. ಅನಂತರ ಕೊಳವೆಬಾವಿ ಬಂದಿತು. ಕೆರೆಯ ನೀರಿಗೆ ಹತ್ತು ಜನರ ಒಪ್ಪಿಗೆ ಬೇಕು. ಕೊಳವೆಬಾವಿಗೆ ಒಬ್ಬನ ಸಾಲ ಸಾಕು. ಕೋಲಾರದ ಕಡೆ ಸಾವಿರ ಅಡಿಗೂ ಮೀರಿ ಕೊರೆದರು. ಭೂಮಿಯ ಮೇಲಿನ ನೀರಿಗಾಗಿ ಜಗಳವಾಡುವಾಗ ಎದುರಾಳಿಯ ಮುಖವಾದರೂ ಕಾಣುತ್ತಿತ್ತು. ಭೂಮಿಯ ಒಳಗಿನ ನೀರನ್ನು ಯಾರು ಯಾರಿಂದ ಕಸಿದುಕೊಂಡರೆಂಬುದೇ ಕಾಣದು.

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಯೋಜನೆಯ ಮೂಲಕ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಹೂಳೆತ್ತುವುದು, ಏರಿ ಭದ್ರಪಡಿಸುವುದು ಅನೇಕ ಕಡೆ ನಡೆಯಿತು. ಆದರೆ ಕೆರೆಗೊಂದು ಸಂಘವಾದಾಗ ಎರಡು ಕೆರೆಗಳ ನಡುವಣ ಕಾಲುವೆಗೆ ಯಾವ ಸಂಘ? 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ತಂದು, ಅಲ್ಲಿಂದ ಕೋಡಿ ಹಿಡಿದು ಕೆರೆಯಿಂದ ಕೆರೆಗೆ ಹರಿಸುವ ಕಾರ್ಯ ಆರಂಭವಾಯಿತು. ಆ ನೀರಿನ ಶುದ್ಧಿ ಸಾಕೆ ಸಾಲದೆ ಎಂಬ ವಾದ ದೊಡ್ಡದು, ಅದನ್ನು ಕಡೆಗಣಿಸಲಾಗದು. ಆದರೆ ಒಂದು ಮಾತಂತೂ ಸಿದ್ಧವಾಯಿತು: ಹಳೆಯ ಸರಪಣಿ ಕಾಗದದ ಮೇಲಿನ ಕಥೆಯಲ್ಲ. ನೀರು ಬಂದರೆ ಅದು ತನ್ನ ಹಳೆಯ ದಾರಿಯನ್ನು ಕೇಳುತ್ತದೆ. ದಾರಿಯಲ್ಲಿ ನಾವು ಏನೇನು ಇಟ್ಟಿದ್ದೇವೆಂಬುದನ್ನೂ ತೋರಿಸುತ್ತದೆ.

ಮೇಷ್ಟ್ರ ಕಥೆಯ ಉತ್ತರಾರ್ಧವನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಅವರಿಗೆ ವರ್ಗವಾಯಿತು. ಕಾಲುವೆಯ ನಡಿಗೆ ಮುಂದೆ ನಾಲ್ಕಾರು ವರ್ಷ ನಡೆದು ನಿಂತುಹೋಯಿತು. ಗುರುತಿನ ಕಲ್ಲು ಈಗಲೂ ಇದೆ. ಅದರ ಅರ್ಥ ಬಲ್ಲವರು ಕಡಮೆ. ಒಬ್ಬ ಒಳ್ಳೆಯ ಮನುಷ್ಯನಿಂದ ಆರಂಭವಾದುದು ಒಂದು ದಿನ, ಒಂದು ಸ್ಥಳ, ಒಂದು ಕಟ್ಟಳೆಯಾಗಿ ನೆಲೆಯೂರದಿದ್ದರೆ ಅದು ಅವನ ಸಾಮಾನಿನ ಜೊತೆ ಗಾಡಿಯೇರಿ ಹೋಗಿಬಿಡುತ್ತದೆ.

ಸ್ಪೇನ್ ದೇಶದ ವಲೆನ್ಸಿಯಾ ನಗರದಲ್ಲಿ ಎಂಟು ಕಾಲುವೆಗಳ ರೈತರು ಆರಿಸಿದ ಪ್ರತಿನಿಧಿಗಳು ಪ್ರತಿ ಗುರುವಾರ ನಡುಹಗಲಿಗೆ ಪ್ರಧಾನ ಇಗರ್ಜಿಯ ಬಾಗಿಲಲ್ಲಿ ಕುಳಿತು ನೀರಿನ ವ್ಯಾಜ್ಯ ವಿಚಾರಿಸುತ್ತಾರೆ. ವಿಚಾರಣೆಯೆಲ್ಲ ಬಾಯಿಮಾತಿನಲ್ಲಿ; ವಕೀಲರಿಲ್ಲ. ಯಾವ ಕಾಲುವೆಯವನ ಮೇಲೆ ದೂರು ಬಂದಿದೆಯೋ ಆ ಕಾಲುವೆಯ ಪ್ರತಿನಿಧಿ ತೀರ್ಪಿನಲ್ಲಿ ಪಾಲುಗೊಳ್ಳುವುದಿಲ್ಲ. ಶತಮಾನಗಳಿಂದ ಜನ ಬದಲಾಗಿದ್ದಾರೆ, ಗುರುವಾರ ಬದಲಾಗಿಲ್ಲ. ನಮ್ಮ ದೇಶದಲ್ಲಿಯೇ ರಾಜಸ್ಥಾನದ ಅರವರಿ ನದಿಯ ದಡದ ಸುಮಾರು 70 ಹಳ್ಳಿಗಳು 1999ರಲ್ಲಿ ತಮ್ಮದೇ ಒಂದು ನದಿ ಸಂಸತ್ತನ್ನು ಮಾಡಿಕೊಂಡವು. ಮೊದಲು ಅವು ತಮ್ಮ ತಮ್ಮ ಊರಿನಲ್ಲಿ ಜೋಹಡ್ ಎಂಬ ಮಣ್ಣಿನ ಕಟ್ಟೆಗಳನ್ನು ಕಟ್ಟಿದ್ದವು. ಆ ಕಟ್ಟೆಗಳ ಫಲವಾಗಿ ಬತ್ತಿದ ನದಿ ಮತ್ತೆ ಹರಿದಾಗ, ಊರಿನ ಗೆಲುವಿಗೆ ಊರಿನ ಸಂಘ ಸಾಕಾಗಿತ್ತು, ನದಿಯ ಪಾಲನೆಗೆ ಸಾಲದು ಎಂದು ಅವುಗಳಿಗೆ ಅರಿವಾಯಿತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಎಲಿನಾರ್ ಆಸ್ಟ್ರಮ್ ಜಗತ್ತಿನ ಇಂಥ ಅನೇಕ ಕೂಟಗಳನ್ನು ಅಭ್ಯಾಸ ಮಾಡಿ ಕಂಡ ತತ್ತ್ವಗಳಲ್ಲಿ ಇದೂ ಒಂದು: ಚಿಕ್ಕ ಕೂಟಗಳು ಕರಗದೆ, ತಮ್ಮ ಸ್ವಾತಂತ್ರ್ಯ ಉಳಿಸಿಕೊಂಡು, ಒಂದರ ಮೇಲೊಂದು ದೊಡ್ಡ ಕೂಟದಲ್ಲಿ ಅಳವಡಬೇಕು.

ಕಡೆಯದಾಗಿ ಒಂದು ಎಚ್ಚರಿಕೆಯ ಮಾತು. ‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಕಥನಗೀತೆಯನ್ನು ನೀವೆಲ್ಲ ಬಲ್ಲಿರಿ. ಕೆರೆ ಕಟ್ಟಿಸಿದರೂ ನೀರು ಬೀಳಲಿಲ್ಲ. ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಆಹುತಿ ಕೊಡಲಾಯಿತು. ಅಲ್ಲಿಯೂ ಒಮ್ಮತವಿತ್ತೆಂಬುದನ್ನು ನಾವು ಗಮನಿಸುವುದಿಲ್ಲ. ಎಲ್ಲರ ಕಷ್ಟಕ್ಕೆ ಎಲ್ಲರೂ ಸೇರಿ ಪರಿಹಾರ ಹುಡುಕಿದರು. ಬೆಲೆ ತೆತ್ತವಳು ಮಾತ್ರ ಆ ಮಾತುಕತೆಯಲ್ಲಿ ಇರಲಿಲ್ಲ. ನಮ್ಮ ಎಷ್ಟೋ ಒಪ್ಪಂದಗಳು ಇಂದಿಗೂ ಹೀಗೆಯೇ ಆಗುತ್ತವೆ. ಎರಡು ಊರಿನ ಗೌಡರು ಕೈಕುಲುಕುತ್ತಾರೆ. ಕಟ್ಟಕಡೆಯ ಗದ್ದೆಯವನು, ಕೆರೆಯಂಗಳದಲ್ಲಿ ದನ ಮೇಯಿಸುವವನು, ಬಿಂದಿಗೆ ಹೊತ್ತು ನಡೆಯುವ ಹೆಂಗಸು ಆ ಸಭೆಯ ಹೊರಗೇ ನಿಂತಿರುತ್ತಾರೆ. ಆದುದರಿಂದ ಗುಂಪುಗಳನ್ನು ಕೂಡಿಸುವವನು ಸಭೆ ಸೇರಿದೊಡನೆ ಕೇಳಬೇಕಾದ ಮೊದಲನೆಯ ಪ್ರಶ್ನೆ, ಇಲ್ಲಿ ಯಾರು ಬಂದಿದ್ದಾರೆ ಎಂಬುದಕ್ಕಿಂತ, ಯಾರು ಬಂದಿಲ್ಲ ಎಂಬುದು.

ನಮ್ಮ ಸುತ್ತಲೂ ಇಂಥ ಒಂದೂವರೆ ಮೈಲಿಗಳು ಎಷ್ಟೋ ಇವೆ. ಒಂದು ಬಡಾವಣೆಯ ಚರಂಡಿ ಇನ್ನೊಂದು ಬಡಾವಣೆಯ ಬಾಗಿಲಿಗೆ ಬಂದು ನಿಲ್ಲುವ ಜಾಗ. ಒಂದು ಶಾಲೆಯ ಆಟದ ಬಯಲೂ ಊರಿನ ಸಂತೆಯೂ ಒಂದನ್ನೊಂದು ಒತ್ತುವ ಜಾಗ. ಅಲ್ಲಿ ಉಪದೇಶ ಬೇಡ. ಎರಡೂ ಕಡೆಯಿಂದ ಐದೈದು ಜನರನ್ನು ಕರೆದುಕೊಂಡು ಒಂದು ಸಲ ನಡೆದು ನೋಡೋಣ. ಮುಂದಿನ ವರ್ಷ ಅದೇ ದಿನ ಮತ್ತೆ ನಡೆಯೋಣ. ಕೆರೆ ತನ್ನ ಪಾಲಿನ ನೀರನ್ನು ಇರಿಸಿಕೊಂಡು ಉಳಿದುದನ್ನು ಕೋಡಿಯಲ್ಲಿ ಬಿಡುತ್ತದೆ. ಅದು ಮುಂದಿನ ಕೆರೆಯನ್ನು ಮುಟ್ಟಿತೋ ಇಲ್ಲವೋ ಎಂದು ನೋಡಿ ಬರುವುದಕ್ಕೆ ಮಾತ್ರ ಮನುಷ್ಯನ ಕಾಲು ಬೇಕು.

(ಬಾನುಲಿ ಭಾಷಣ)